ಊರಿನ ಊಟಕ್ಕೆ ಊರಿನದೇ ವೈನ್: ಒಂದು ಸೂತ್ರದ ಪರಿಶೀಲನೆ

ಇಟಲಿಯ ಊಟದ ಬಗ್ಗೆ ಬರೆಯುವವರು ಪದೇ ಪದೇ ಹೇಳುವ ಸೂತ್ರವೊಂದಿದೆ: ಒಂದೇ ನೆಲದಲ್ಲಿ ಬೆಳೆದದ್ದು ಒಂದೇ ಪಂಕ್ತಿಯಲ್ಲಿ ಹೊಂದುತ್ತದೆ. ಯಾವ ಪ್ರಾಂತದ ಅಡಿಗೆಯೋ ಆ ಪ್ರಾಂತದ ವೈನ್. ಹೆಚ್ಚು ಯೋಚಿಸುವ ಅಗತ್ಯವೇ ಇಲ್ಲ. ಮುಂಬಯಿ, ದೆಹಲಿಗಳ ದೊಡ್ಡ ಹೋಟೆಲುಗಳ ತಿಂಡಿಪಟ್ಟಿಯಲ್ಲಿಯೂ ಈ ಮಾತು ಬಂದು ಕುಳಿತಿದೆ. ಕಂಪೆನಿಯ ಔತಣಗಳಿಗೆ ಹೋಗಿಬರುವ ನಮ್ಮ ಮಕ್ಕಳು ಅದನ್ನು ಮನೆಯಲ್ಲಿ ಪಾಠದಂತೆ ಒಪ್ಪಿಸುತ್ತಾರೆ. ನಾವು ಪಾನದ ಪ್ರಚಾರಕರಲ್ಲ; ಇಂಥ ವೈನುಗಳ ರುಚಿ ನೋಡಿದ್ದೂ ಬೆರಳೆಣಿಕೆಯ ಸಲವೇ. ಆದರೂ ಹುಟ್ಟಿದ ನೆಲವನ್ನು ಅಲ್ಲಿಯೇ ಬಿಟ್ಟು ಅಡಿಗೆಯನ್ನು ಮಾತ್ರ ಗಂಟು ಕಟ್ಟಿಕೊಂಡು ಬಂದ ನಮ್ಮಂಥವರಿಗೆ ಈ ಸೂತ್ರದೊಳಗೆ ಒಂದು ಮುಳ್ಳಿದೆ. ರುಚಿಯೆಲ್ಲ ಮಣ್ಣಿನದೇ ಎಂದಾದರೆ ಮಾಟುಂಗದ ಅಡಿಗೆಮನೆಯಲ್ಲಿ ಕುದಿಯುವ ಬಸ್ಸಾರಿಗೆ ಏನು ಬೆಲೆ? ಆದ್ದರಿಂದ ಸೂತ್ರವನ್ನು ಅದರ ತವರಿನಲ್ಲಿಯೇ ನಿಲ್ಲಿಸಿ ಪರೀಕ್ಷಿಸುವುದು ಯುಕ್ತವೆಂದು ತೋರುತ್ತದೆ.

ಮೊದಲು ಅದಕ್ಕೆ ಸಲ್ಲತಕ್ಕ ಗೌರವವನ್ನು ಸಲ್ಲಿಸೋಣ. ಉತ್ತರ ಇಟಲಿಯ ಎಮಿಲಿಯ ಎಂಬ ಸೀಮೆ, ಅಂದರೆ ಪಾರ್ಮ, ಮೊದೆನ, ಬೊಲೋನ್ಯ ಪಟ್ಟಣಗಳ ನಾಡು, ಜಿಡ್ಡಿನ ಊಟಕ್ಕೆ ಹೆಸರಾದದ್ದು. ಬೆಣ್ಣೆ, ಪಾರ್ಮಿಜಾನೊ ಚೀಸು, ಹಂದಿಮಾಂಸದ ನೂರೆಂಟು ಬಗೆ (ಸಸ್ಯಾಹಾರಿ ಓದುಗರು ಮನ್ನಿಸಬೇಕು). ಅಲ್ಲಿಯ ವೈನ್ ಲಾಂಬ್ರುಸ್ಕೊ. ಕೆಂಪು ಬಣ್ಣದ್ದು, ಆದರೂ ನೊರೆಯೇಳುವಂಥದು. ಹುಳಿ ಚುರುಕು, ಮದ್ಯಾಂಶ ಹಗುರ. ತಣ್ಣಗೆ ಮಾಡಿ ಕುಡಿಯುತ್ತಾರೆ. ನಾಲಗೆಯ ಮೇಲೆ ಪೊರೆಗಟ್ಟಿದ ಕೊಬ್ಬನ್ನು ಹುಳಿಯೂ ಗುಳ್ಳೆಯೂ ಸೇರಿ ತೊಳೆದುಬಿಡುತ್ತವೆ. ಮುಂದಿನ ತುತ್ತು ಮೊದಲ ತುತ್ತಿನಷ್ಟೇ ಹೊಸದಾಗಿರುತ್ತದೆ. ತುಪ್ಪ ಸುರಿದ ಹೋಳಿಗೆಯ ಊಟದ ನಡುವೆ ನಿಂಬೆಕಾಯಿ ಉಪ್ಪಿನಕಾಯಿಯನ್ನು ಸವರಿಕೊಳ್ಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1970-80ರ ದಶಕಗಳಲ್ಲಿ ಇದೇ ವೈನನ್ನು ಸಿಹಿ ಮಾಡಿ ಅಮೆರಿಕಕ್ಕೆ ರಾಶಿಗಟ್ಟಲೆ ಕಳಿಸಿದರು. ಊಟದಿಂದ ಅಗಲಿದ ಲಾಂಬ್ರುಸ್ಕೊ ಹೊರಗಿನವರ ಬಾಯಲ್ಲಿ ಬರಿಯ ಸೋಡಾ ಶರಬತ್ತೆನಿಸಿಕೊಂಡು ಹೆಸರು ಕೆಡಿಸಿಕೊಂಡಿತು. ಇಷ್ಟರ ಮಟ್ಟಿಗೆ ಸೂತ್ರ ಗೆದ್ದಿದೆ.

ಪಶ್ಚಿಮಕ್ಕೆ ಪಿಯೆಮೊಂತೆಗೆ ಬಂದರೆ ಮಾತು ಅಷ್ಟು ಸರಳವಲ್ಲ. ಅಲ್ಲಿಯ ಬರೋಲೊ ನೆಬ್ಬಿಯೋಲೊ ಎಂಬ ದ್ರಾಕ್ಷಿಯದು, ಒಗರು ಬಹಳ. ಈ ಒಗರು ಟ್ಯಾನಿನ್ನಿನ ಗುಣ. ಅಡಕೆ ಜಗಿದಾಗ, ನೇರಳೆಹಣ್ಣು ತಿಂದಾಗ ಬಾಯಿ ಒಣಗಿದಂತಾಗುವುದೂ ಅದರಿಂದಲೇ. ಅದು ಜೊಲ್ಲಿನ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ತಟ್ಟೆಯಲ್ಲಿ ಮಾಂಸವಿದ್ದರೆ ಅದರ ಪ್ರೋಟೀನು ಮತ್ತು ಕೊಬ್ಬು ಆ ಒಗರನ್ನು ತಗ್ಗಿಸುತ್ತವೆ. ಬರೋಲೊದಲ್ಲಿಯೇ ದನದ ಮಾಂಸವನ್ನು ಗಂಟೆಗಟ್ಟಲೆ ಬೇಯಿಸುವ ಭಕ್ಷ್ಯ ಅಲ್ಲಿ ಹೆಸರುವಾಸಿ. ಆದರೆ ಇಂದಿನ ಸಿಹಿಯಿಲ್ಲದ ಬರೋಲೊ ರೂಪು ತಳೆದದ್ದು 19ನೆಯ ಶತಮಾನದಲ್ಲಿ, ಶ್ರೀಮಂತರ ಮನೆಗಳಲ್ಲಿ. ರೈತನ ಊಟಕ್ಕಿದ್ದುದು ಬಾರ್ಬೆರ, ದೋಲ್ಚೆತ್ತೊಗಳಂಥ ಸಾಮಾನ್ಯ ವೈನುಗಳು. ಆ ರೈತನ ಹಬ್ಬದ ಖಾದ್ಯವಾದ ಬಾನ್ಯ ಕೌದವನ್ನೇ ನೋಡಿ: ಎಣ್ಣೆ, ಬೆಳ್ಳುಳ್ಳಿ, ಉಪ್ಪು ಹಾಕಿದ ಸಣ್ಣ ಮೀನು ಮೂರನ್ನೂ ಬಿಸಿ ಮಾಡಿ, ಅದರಲ್ಲಿ ತರಕಾರಿ ಅದ್ದಿ ಸುತ್ತ ಕುಳಿತು ತಿನ್ನುವುದು. ಪಿಯೆಮೊಂತೆಗೆ ಸಮುದ್ರವೇ ಇಲ್ಲ! ಮೀನು ಬಂದದ್ದು ಬೆಟ್ಟದಾಚೆಯ ಲಿಗೂರಿಯ ಕರಾವಳಿಯಿಂದ, ಉಪ್ಪಿನ ವ್ಯಾಪಾರಿಗಳ ಹಾದಿಯಲ್ಲಿ. ಆಲಿವ್ ಎಣ್ಣೆಯೂ ಅತ್ತಲಿನದೇ. ಈ ಮೀನಿನ ಉಪ್ಪಿಗೂ ಬಾರ್ಬೆರದ ಹುಳಿಗೂ ಬಿದ್ದ ಗಂಟು ಗಟ್ಟಿಯಾದದ್ದು, ಸಂದೇಹವಿಲ್ಲ. ಆದರೆ ಅದನ್ನು ಹಾಕಿದವನು ಹೇಸರಗತ್ತೆಯ ಮೇಲೆ ಸರಕು ಹೇರಿಕೊಂಡು ಬಂದ ವ್ಯಾಪಾರಿ, ಮಣ್ಣಲ್ಲ.

ವೆನಿಸ್ ಇನ್ನೂ ಮುಂದೆ ಹೋಗುತ್ತದೆ. ಆ ನಗರದ ಹೆಮ್ಮೆಯ ತಿನಿಸು ಬಕ್ಕಲಾ ಮಂತೆಕಾತೊ: ಒಣಮೀನನ್ನು ನೆನೆಸಿ ಬೇಯಿಸಿ, ಎಣ್ಣೆಯೊಡನೆ ಬೆಣ್ಣೆಯಂತಾಗುವವರೆಗೆ ಕಡೆದದ್ದು. ಜೊತೆಗೆ ನೆರೆಯ ಸೊಆವೆ ಊರಿನ ಬಿಳಿ ವೈನ್. ಮೀನು ಎಲ್ಲಿಯದು? ನಾರ್ವೆಯ ಲೋಫೋಟೆನ್ ದ್ವೀಪಗಳದು. ಪಿಯೆತ್ರೊ ಕ್ವೆರೀನಿ ಎಂಬ ವೆನಿಸಿನ ವರ್ತಕ 1431ರಲ್ಲಿ ಕ್ರೀಟಿನಿಂದ ಹಡಗಿನಲ್ಲಿ ವೈನ್ ತುಂಬಿಕೊಂಡು ಫ್ಲಾಂಡರ್ಸಿಗೆ ಹೊರಟ; ಬಿರುಗಾಳಿಗೆ ಸಿಕ್ಕಿ, ಹಡಗು ಕಳೆದುಕೊಂಡು, 1432ರ ಆರಂಭದಲ್ಲಿ ನಾರ್ವೆಯ ರೋಸ್ಟ್ ದ್ವೀಪದ ಬೆಸ್ತರ ಆಶ್ರಯ ಸೇರಿದ. ಅಲ್ಲಿ ಕಂಡ ಒಣಮೀನಿನ ವೃತ್ತಾಂತವನ್ನು ಊರಿಗೆ ಮರಳಿ ಬರೆದಿಟ್ಟ. ಈ ಮೀನು ತಮ್ಮಲ್ಲಿಗೆ ಬಂದದ್ದು ಅವನಿಂದಲೇ ಎಂದು ವೆನಿಸಿನವರು ಹೇಳಿಕೊಳ್ಳುತ್ತಾರೆ. ಸಾವಿರಾರು ಮೈಲಿ ದೂರದ ಮೀನು ಸ್ಥಳೀಯ ತಿನಿಸೆನಿಸಿಕೊಂಡು ಸ್ಥಳೀಯ ವೈನಿನ ಕೈ ಹಿಡಿದಿದೆ. ಸೂತ್ರಕಾರರು ಇದನ್ನು ಅಪವಾದವೆನ್ನಬಹುದು. ದಕ್ಷಿಣ ಇಟಲಿಯ ಟೊಮೇಟೊ ಕೂಡ 16ನೆಯ ಶತಮಾನದಲ್ಲಿ ಅಮೆರಿಕದಿಂದ ಯೂರೋಪಿಗೆ ಬಂದ ಗಿಡ. ಅಪವಾದಗಳೇ ಇಷ್ಟಾದರೆ ಸೂತ್ರಕ್ಕೆ ಉಳಿಯುವುದೆಷ್ಟು?

ಕಾನೂನಿನ ಕಥೆಯನ್ನೂ ಹೇಳಬೇಕು. ಕಡತಗಳ ನಡುವೆ ಬಾಳುವ ನಮಗೆ ಅದರಲ್ಲಿ ಸ್ವಾರಸ್ಯ ಹೆಚ್ಚು. ಟಸ್ಕನಿಯ ಕಿಯಾಂತಿ ವೈನಿಗೆ ಬ್ಯಾರನ್ ಬೆತ್ತೀನೊ ರಿಕಾಸೋಲಿ 1872ರ ಒಂದು ಪತ್ರದಲ್ಲಿ ದ್ರಾಕ್ಷಿಗಳ ಮಿಶ್ರಣವನ್ನು ವಿವರಿಸಿದ. ಬಹುಕಾಲ ಇಡುವ ವೈನಿಗೆ ಬಿಳಿಯ ಮಾಲ್ವಸೀಯ ದ್ರಾಕ್ಷಿ ಬೇಡವೆಂಬುದು ಅವನ ಅಭಿಪ್ರಾಯ. ಇಟಲಿ ಸರಕಾರ 1963ರಲ್ಲಿ ಮೂಲಸ್ಥಾನದ ಹೆಸರುಗಳನ್ನು ರಕ್ಷಿಸುವ ಕಾನೂನು ಮಾಡಿತು. ಅದರಡಿ 1967ರಲ್ಲಿ ಬಂದ ಕಿಯಾಂತಿಯ ನಿಯಮ ಶೇಕಡಾ 10ರಿಂದ 30ರಷ್ಟು ಬಿಳಿ ದ್ರಾಕ್ಷಿ ಇರಲೇಬೇಕೆಂದು ವಿಧಿಸಿತು. ವೈನ್ ತೆಳುವಾಯಿತು. ಇದನ್ನು ಒಪ್ಪದೆ ಒಳ್ಳೆಯ ವೈನ್ ತೆಗೆದವರು ಶೀಷೆಯ ಮೇಲೆ ಬರಿಯ ‘ಊಟದ ವೈನ್’ ಎಂದು ಅಚ್ಚು ಹಾಕಬೇಕಾಯಿತು. ಕಿಯಾಂತಿ ಕ್ಲಾಸಿಕೊ ಎಂಬ ಒಳಸೀಮೆಯಲ್ಲಿ ಬಿಳಿ ದ್ರಾಕ್ಷಿಯನ್ನು ನಿಷೇಧಿಸಿದ್ದು 2006ರಲ್ಲಿ. ಸುಮಾರು 40 ವರ್ಷ ಕಾಲ ಸಂಪ್ರದಾಯವೆಂದು ಮುದ್ರೆಯೊತ್ತಿದ್ದು ಹೀಗೆ ರದ್ದಾಯಿತು. ಯಾವ ಕಿಯಾಂತಿಯನ್ನು ಆ ಊರಿನ ಉಪ್ಪಿಲ್ಲದ ರೊಟ್ಟಿಗೆ ಪರಂಪರಾಗತ ಜೊತೆಗಾರನೆನ್ನೋಣ?

ನಮಗೆ ತೋರುವುದು ಇದು: ಈ ಹೊಂದಾಣಿಕೆ ನಾಲಗೆಯ ಬಹುಕಾಲದ ಬಳಕೆಯದು. 1970ರ ಸುಮಾರಿಗೆ ಇಟಲಿಯಲ್ಲಿ ತಲೆಗೆ ವರ್ಷಕ್ಕೆ 100 ಲೀಟರಿಗೂ ಮೀರಿ ವೈನ್ ಖರ್ಚಾಗುತ್ತಿತ್ತು. ಈಗ ಅದರ ಅರ್ಧವೂ ಇಲ್ಲ. ಮೇಜಿನ ಮೇಲೆ ದಿನವೂ ನೀರಿನಂತೆ ಇರುತ್ತಿದ್ದ ಕಾಲದಲ್ಲಿ ಯಾವುದಕ್ಕೆ ಯಾವುದು ಎಂದು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಬಳಕೆ ಇಳಿದಂತೆ ಶಾಸ್ತ್ರ ಏರಿತು. ಸಾರಿಗೆ ಹಪ್ಪಳ ಹೊಂದುತ್ತದೆಯೇ ಎಂದು ನಮ್ಮ ಅಜ್ಜಿಯರೂ ಯಾರನ್ನೂ ಕೇಳಲಿಲ್ಲ.

ಮಣ್ಣೊಂದೇ ಸಾಕಾಗಿದ್ದರೆ ನಮ್ಮ ನಾಡಿನಲ್ಲಿ ಅದರ ಗುರುತು ಕಾಣಬೇಕಿತ್ತು. ವಿಜಯಪುರದ ಕಡೆ ಜೋಳವೂ ಬೆಳೆಯುತ್ತದೆ, ದ್ರಾಕ್ಷಿಯೂ ಬೆಳೆಯುತ್ತದೆ. ಕರ್ನಾಟಕದಲ್ಲಿ ವೈನೂ ತಯಾರಾಗುತ್ತದೆ. ಆದರೂ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಗಳ ಪಕ್ಕದಲ್ಲಿ ಒಗರು ಕೆಂಪು ವೈನ್ ಬೀಗರ ಮನೆಗೆ ಮೊದಲ ಸಲ ಬಂದವನಂತೆ ಮುದುಡಿ ಕೂತೀತು. ಕಾರಣವೂ ಇದೆ. ಮದ್ಯಾಂಶ ಖಾರದ ಉರಿಯನ್ನು ಹೆಚ್ಚಿಸುತ್ತದೆ. ಅದರ ಮೇಲೆ ಟ್ಯಾನಿನ್ನು ಬಾಯಿಯನ್ನು ಒಣಗಿಸುತ್ತದೆ. ಮಜ್ಜಿಗೆಯ ಕೇಸೀನ್ ಎಂಬ ಪ್ರೋಟೀನಾದರೋ ಖಾರದ ಮೂಲವಾದ ಕ್ಯಾಪ್ಸೈಸಿನ್ನನ್ನು ಹಿಡಿದು ಸಾಗಿಸುತ್ತದೆ. ಮೆಣಸಿನಕಾಯಿ ಪೋರ್ಚುಗೀಸರ ಕಾಲದಲ್ಲಿ ಹಡಗಿನಿಂದಿಳಿದ ಪರದೇಶಿ. ಮಜ್ಜಿಗೆ ಅದಕ್ಕಿಂತ ಎಷ್ಟೋ ಹಳೆಯದು. ಇಬ್ಬರಿಗೂ ಚೆನ್ನಾಗಿ ಕೂಡಿಬಂದಿತು. ಮಾಟುಂಗದ ಬಸ್ಸಾರು ಈ ಲೆಕ್ಕದಲ್ಲಿ ತನ್ನ ಹಕ್ಕನ್ನೇನೂ ಕಳೆದುಕೊಂಡಿಲ್ಲ.

ಹೋಟೆಲಿನವರಿಗೆ ಒಂದು ಮಾತು. ಬೆಲೆ ಹೆಚ್ಚೆಂಬ ಒಂದೇ ಕಾರಣಕ್ಕೆ ಖಾರದ ಕಬಾಬಿನ ಪಕ್ಕದಲ್ಲಿ ಬರೋಲೊ ಹೆಸರನ್ನು ಅಚ್ಚು ಮಾಡಿಸುವುದಕ್ಕಿಂತ, ಜಿಡ್ಡಿನ ಪಕೋಡ, ಬಜ್ಜಿಗಳ ಎದುರು ಆ ಬಡ ಲಾಂಬ್ರುಸ್ಕೊವನ್ನು, ಸಿಹಿ ಬೆರೆಸದ್ದನ್ನು, ತಣ್ಣಗೆ ಮಾಡಿ ಇಟ್ಟು ನೋಡಬಹುದು. ಕುಡಿಯದವರಿಗೆ ಇಂಗು, ಕರಿಬೇವು ಹಾಕಿದ ನೀರುಮಜ್ಜಿಗೆಯನ್ನು ಅದೇ ಪಟ್ಟಿಯಲ್ಲಿ, ಅದೇ ಅಕ್ಷರದ ಗಾತ್ರದಲ್ಲಿ ಅಚ್ಚು ಹಾಕಿಸಿದರೆ ಇನ್ನೂ ಸಂತೋಷ.