ಒಂದು ಅಪ್ಪುಗೆಯ ಮೇಲೆ ನಿಂತ ಸಿದ್ಧಾಂತ

ಮಾನವಶಾಸ್ತ್ರಜ್ಞ ಗ್ರೆಗರಿ ಬೇಟ್‌ಸನ್ ತನ್ನ ಮೂವರು ಸಹೋದ್ಯೋಗಿಗಳ ಜೊತೆ 1956ರಲ್ಲಿ ಬರೆದ ಸ್ಕಿಜೋಫ್ರೇನಿಯಾ ಕುರಿತ ಲೇಖನಕ್ಕೆ ಇವತ್ತಿಗೂ ಭಕ್ತರಿದ್ದಾರೆ. ಆದರೆ ಮನೋವೈದ್ಯರಿಗಿಂತ ಹೆಚ್ಚಾಗಿ ಅವರು ಸಿಗುವುದು ಸಾಹಿತ್ಯ, ಸಂವಹನ, ಸಂಸ್ಕೃತಿ ಅಧ್ಯಯನದ ಓಣಿಗಳಲ್ಲಿ. ವಿಜ್ಞಾನವಾಗಿ ಸೋತ ಬರಹವೊಂದು ಸೊಗಸಾದ ಗದ್ಯದ ಬಲದಿಂದಲೇ ಬದುಕಿಕೊಂಡಿದೆ ಎಂಬುದು ನನ್ನ ಅನುಮಾನ.

ಆ ಲೇಖನದ ತಿರುಳು 'ಡಬಲ್ ಬೈಂಡ್' ಎಂಬ ಕಲ್ಪನೆ. ತಾಯಿಯ ಮಾತು ಒಂದು ಹೇಳುತ್ತದೆ, ಮೈ ಇನ್ನೊಂದು ಹೇಳುತ್ತದೆ. ಯಾವುದನ್ನು ನಂಬಿದರೂ ಮಗುವಿಗೆ ಶಿಕ್ಷೆ ತಪ್ಪದು. ಎದ್ದು ಹೋಗುವಂತಿಲ್ಲ, ಇದೇನೆಂದು ಕೇಳುವಂತೆಯೂ ಇಲ್ಲ. ಅತ್ತ ದರಿ, ಇತ್ತ ಪುಲಿ. ಇದರಲ್ಲೇ ವರ್ಷಗಟ್ಟಲೆ ಬೆಳೆದ ಮಗು ಮಾತಿನ ಮಟ್ಟಗಳನ್ನು ಬೇರ್ಪಡಿಸಲಾರದೆ ಕಾಯಿಲೆ ಬೀಳುತ್ತದೆ ಎಂಬುದು ವಾದ. ತತ್ತ್ವಜ್ಞಾನಿ ರಸೆಲ್ಲನ ತರ್ಕವೂ, ಏನು ಹೇಳಿದರೂ ಹೊಡೆಯುವ ಝೆನ್ ಗುರುವಿನ ಕೋಲೂ ಅದಕ್ಕೆ ಬೆಂಬಲವಾಗಿ ಬರುತ್ತವೆ. ಇಡೀ ಲೇಖನದಲ್ಲಿ ಓದುಗನ ನೆನಪಿನಲ್ಲಿ ಉಳಿಯುವುದು ಮಾತ್ರ ಒಂದು ಸಣ್ಣ ಪ್ರಸಂಗ.

ತೀವ್ರ ಕಾಯಿಲೆಯಿಂದ ಬಹುಮಟ್ಟಿಗೆ ಚೇತರಿಸಿಕೊಂಡ ತರುಣನೊಬ್ಬನನ್ನು ನೋಡಲು ತಾಯಿ ಆಸ್ಪತ್ರೆಗೆ ಬರುತ್ತಾಳೆ. ಸಂತೋಷದಿಂದ ಅವನು ಅವಳ ಹೆಗಲ ಮೇಲೆ ಕೈ ಹಾಕುತ್ತಾನೆ. ಅವಳು ಬಿಗಿಯಾಗುತ್ತಾಳೆ. ಅವನು ಕೈ ತೆಗೆದರೆ, ನನ್ನ ಮೇಲೆ ಪ್ರೀತಿ ಹೋಯಿತೇ ಎನ್ನುತ್ತಾಳೆ. ಅವನ ಮುಖ ಕೆಂಪೇರಿದರೆ, ಭಾವನೆಗಳಿಗೆ ಹೀಗೆ ನಾಚಬಾರದು, ಹೆದರಬಾರದು ಎಂದು ಬುದ್ಧಿ ಹೇಳುತ್ತಾಳೆ. ಕೆಲವೇ ನಿಮಿಷ ಅವಳ ಜೊತೆಗಿದ್ದ ಅವನು, ಅವಳು ಹೋದ ಮೇಲೆ ಆಸ್ಪತ್ರೆಯ ಸಹಾಯಕನೊಬ್ಬನ ಮೇಲೆ ಕೈಮಾಡುತ್ತಾನೆ. ಅವನನ್ನು ನೀರಿನ ತೊಟ್ಟಿಗೆ ಹಾಕುತ್ತಾರೆ.

ಸಣ್ಣಕತೆಯಾಗಿ ಇದಕ್ಕೆ ಪೂರ್ಣಾಂಕ ಕೊಡಬಹುದು. ಕಾರಣದ ಪುರಾವೆಯಾಗಿ ನೋಡಿದರೆ ಒಂದೊಂದು ಹೊಲಿಗೆಯೂ ಬಿಚ್ಚುತ್ತದೆ. ಮೊದಲನೆಯದು ಕಾಲಕ್ರಮ. ಈ ಅಪ್ಪುಗೆ ನಡೆಯುವ ಹೊತ್ತಿಗೆ ಹುಡುಗ ಆಗಲೇ ಕಾಯಿಲೆ ಬಿದ್ದು, ಆಸ್ಪತ್ರೆ ಸೇರಿ, ಮುಕ್ಕಾಲು ಪಾಲು ಗುಣವಾಗಿದ್ದಾನೆ. ಕಾಯಿಲೆಯ ಅತಿ ಕೆಟ್ಟ ದಿನಗಳನ್ನು ಕಂಡ ತಾಯಿಯ ಹೆಗಲು ಅವನ ಕೈ ಬಿದ್ದಾಗ ಸೆಟೆದುಕೊಂಡರೆ, ಅದು ಕಾಯಿಲೆಯ ಕಾರಣವೋ ಪರಿಣಾಮವೋ? ಲೇಖಕರು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದಿಲ್ಲ. ಹುಡುಗ ಆಗ ಏನು ಹೇಳಿದ್ದರೆ ಪಾರಾಗುತ್ತಿದ್ದ ಎಂಬುದನ್ನು ಮಾತ್ರ ಬರೆದುಕೊಡುತ್ತಾರೆ: ನಾನು ಮುಟ್ಟಿದರೆ ನಿನಗೆ ಕಸಿವಿಸಿಯಾಗುತ್ತದೆ, ನನ್ನ ಪ್ರೀತಿಯನ್ನು ಸ್ವೀಕರಿಸುವುದು ನಿನಗೆ ಕಷ್ಟ ಎಂಬರ್ಥದ ಮಾತು. ತಾಯಿಗೆ ಅಂಥ ಮಾತನ್ನು ಯಾರೂ ಬರೆದುಕೊಡುವುದಿಲ್ಲ. ಅವಳ ಒಳಗು ಲೇಖಕರಿಗೆ ಮೊದಲೇ ಗೊತ್ತು.

ನನ್ನನ್ನು ಹೆಚ್ಚು ಕಾಡುವುದು ಆ ತೊಟ್ಟಿ. ಉದ್ರಿಕ್ತ ರೋಗಿಗಳನ್ನು ಗಂಟೆಗಟ್ಟಲೆ ನೀರಿನಲ್ಲಿ ಕೂಡಿಹಾಕುವುದು ಅಮೆರಿಕದ ಮನೋರೋಗದ ಆಸ್ಪತ್ರೆಗಳಲ್ಲಿ ನಡೆದುಬಂದಿದ್ದ ಪದ್ಧತಿ. ಅದಕ್ಕೆ ಜಲಚಿಕಿತ್ಸೆ ಎಂಬ ಹೆಸರು. ಅಂದರೆ ಬಾಯಿ ಚಿಕಿತ್ಸೆ ಎನ್ನುತ್ತದೆ, ಕೈ ಶಿಕ್ಷಿಸುತ್ತದೆ. ರೋಗಿ ಬಿಟ್ಟು ಹೋಗುವಂತಿಲ್ಲ, ಪ್ರಶ್ನಿಸಿದರೆ ಅದೂ ರೋಗಲಕ್ಷಣವೇ. ಡಬಲ್ ಬೈಂಡಿನ ಲಕ್ಷಣಗಳೆಲ್ಲ ಇದ್ದದ್ದು ಇಲ್ಲಿ. ಆಸ್ಪತ್ರೆಗಳು ತಮ್ಮ ಅನುಕೂಲಕ್ಕೆ ಮಾಡುವುದನ್ನು ರೋಗಿಯ ಹಿತವೆಂದು ಸಾರುತ್ತವೆ ಎಂದು ಲೇಖನದ ಕೊನೆಯಲ್ಲಿ ಲೇಖಕರೇ ಹೇಳುತ್ತಾರೆ. ಆದರೂ ಆ ಅರಿವನ್ನು ಹಿಡಿದುಕೊಂಡು ತಮ್ಮದೇ ಪ್ರಸಂಗದ ಕೊನೆಯ ವಾಕ್ಯಕ್ಕೆ ಹಿಂದಿರುಗುವುದಿಲ್ಲ. ಏಟು ತಿಂದ ಸಹಾಯಕ, ತೊಟ್ಟಿಗೆ ಹಾಕಿದವರು, ಹಾಕಲು ಆದೇಶ ಕೊಟ್ಟವರು ಎಲ್ಲರೂ ತೆರೆಮರೆಗೆ ಸರಿದು, ರಂಗದ ಮೇಲೆ ತಾಯಿ ಒಬ್ಬಳೇ ಉಳಿಯುತ್ತಾಳೆ. ಅವಳಿಗೆ ಜಾಗ ಸಿದ್ಧವಾಗಿಯೇ ಇತ್ತು: ಸ್ಕಿಜೋಫ್ರೇನಿಯಾ ಹುಟ್ಟಿಸುವ ತಾಯಿ ಎಂಬ ಬಿರುದನ್ನು ಮನೋವಿಶ್ಲೇಷಕಿ ಫ್ರೀಡಾ ಫ್ರಾಮ್-ರೈಕ್‌ಮನ್ 1948ರಲ್ಲೇ ದಯಪಾಲಿಸಿದ್ದರು.

ಪುರಾವೆ ಬೇರೆ ಕಡೆಯಿಂದ ಬಂತು. ಆರೆಗನ್ ರಾಜ್ಯದ ಮನೋರೋಗದ ಆಸ್ಪತ್ರೆಗಳಲ್ಲಿದ್ದ ಸ್ಕಿಜೋಫ್ರೇನಿಯಾ ಪೀಡಿತ ತಾಯಂದಿರಿಗೆ ಹುಟ್ಟಿ, ಮೊದಲ ಮೂರು ದಿನಗಳಲ್ಲೇ ಅವರಿಂದ ಬೇರೆಯಾದ 47 ಮಕ್ಕಳನ್ನು, ಅವರು ದೊಡ್ಡವರಾದ ಮೇಲೆ, ಮನೋವೈದ್ಯ ಲೆನರ್ಡ್ ಹೆಸ್ಟನ್ ಹುಡುಕಿ ನೋಡಿದ. ಐವರಿಗೆ ಕಾಯಿಲೆ ಬಂದಿತ್ತು. ಬೇರೆ ತಾಯಂದಿರ, ಹಾಗೆಯೇ ಅಗಲಿ ಬೆಳೆದ 50 ಮಂದಿಯಲ್ಲಿ ಒಬ್ಬರಿಗೂ ಬಂದಿರಲಿಲ್ಲ. 1966ರ ಈ ವರದಿಯ ಮಕ್ಕಳಿಗೆ ಹೆತ್ತ ತಾಯಿಯ ಬಿಗಿದ ಹೆಗಲಿನ ಅನುಭವವೇ ಇರಲಿಲ್ಲ. 47ರಲ್ಲಿ 42 ಮಂದಿಗೆ ಬರಲಿಲ್ಲ, ಆದ್ದರಿಂದ ವಂಶವಾಹಿಯೇ ಎಲ್ಲವೂ ಅಲ್ಲ. ಅದನ್ನು ಒಪ್ಪೋಣ.

"ವಿಜ್ಞಾನ ತಪ್ಪಿರಬಹುದು, ಒಳನೋಟ ನಿಜ" ಎಂಬುದು ಇಲ್ಲಿ ನಮ್ಮ ಸಾಹಿತ್ಯದ ಗೆಳೆಯರು ಹಾಕುವ ವರಸೆ. ಈ ಉದಾರತೆಯ ಬಗ್ಗೆ ನನಗೆ ಸಿಟ್ಟಿದೆ. ಕವಿತೆಗೆ ಕೊಡುವ ರಿಯಾಯಿತಿಯನ್ನು ರೋಗಕಾರಣದ ಹೇಳಿಕೆಗೆ ಕೊಡಲಾಗದು, ಏಕೆಂದರೆ ಅದರ ಬೆಲೆ ತೆತ್ತವರು ಓದುಗರಲ್ಲ, ತಾಯಂದಿರು. ಇದೇ ಜಾಡಿನಲ್ಲಿ ಮನೋವೈದ್ಯರಾದ ಲೈಂಗ್ ಮತ್ತು ಎಸ್ಟರ್ಸನ್ 1964ರ ಪುಸ್ತಕದಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳ ಹನ್ನೊಂದು ಕುಟುಂಬಗಳ ಮಾತುಕತೆಯನ್ನು ಕೊಟ್ಟರು. ಕಾಯಿಲೆಯಿಲ್ಲದ ಮನೆಗಳ ಮಾತುಕತೆಯನ್ನು ಪಕ್ಕಕ್ಕಿಟ್ಟು ಹೋಲಿಸಲಿಲ್ಲ. ಮಾತಿಗೂ ಮನಸ್ಸಿಗೂ ತಾಳೆಯಾಗದ ಸಂಭಾಷಣೆ ಯಾವ ಮನೆಯಲ್ಲಿಲ್ಲ? ಬೇಟ್‌ಸನ್ ಈ ಭಕ್ತರಿಗಿಂತ ಪ್ರಾಮಾಣಿಕ. ಡಬಲ್ ಬೈಂಡ್‌ಗಳನ್ನು ಎಣಿಸುವುದು ಶಾಯಿಯ ಮಚ್ಚೆಯಲ್ಲಿ ಬಾವಲಿಗಳನ್ನು ಎಣಿಸಿದಂತೆ ಎಂಬರ್ಥದಲ್ಲಿ ಮುಂದೆ ಅವನೇ ಬರೆದ.

ಬೇಟ್‌ಸನ್ ಲೇಖನ ಬಂದ ಸರಿಸುಮಾರು ಅದೇ ಕಾಲಕ್ಕೆ, 1950ರ ದಶಕದಲ್ಲಿ, ಅಮೃತಸರದ ಮನೋರೋಗ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹೊಡೆಸಿ ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಮನೆಯವರು ಅಲ್ಲಿ ಆರೈಕೆಯ ಪಾಲುದಾರರಾದರು. ರೋಗಿ ಬೇಗ ಚೇತರಿಸುತ್ತಾನೆ, ಈ ಕಾಯಿಲೆ ವಾಸಿಯಾಗದು ಎಂಬ ನಂಬಿಕೆ ಮನೆಯವರಲ್ಲಿ ಸಡಿಲುತ್ತದೆ ಎಂಬುದು ಅವರು ಕಂಡುಕೊಂಡದ್ದು. ವೆಲ್ಲೂರಿನ ಆಸ್ಪತ್ರೆ ಈ ದಾರಿ ಹಿಡಿಯಿತು, ಬೆಂಗಳೂರಿನ ನಿಮ್ಹಾನ್ಸ್ ಕೂಡ. ಮನೆಯ ಮಾತಿನ ಬಿಸಿ ಕಾಯಿಲೆಯನ್ನು ಹುಟ್ಟಿಸದಿದ್ದರೂ ಮರುಕಳಿಸುವಂತೆ ಮಾಡಬಲ್ಲದು ಎಂಬ ಲಂಡನ್ನಿನ ಸಂಶೋಧನೆ ಆಮೇಲಿನದು. ಚಂಡೀಗಡದ ಮನೆಗಳಲ್ಲಿ ಆ ಬಿಸಿ ಲಂಡನ್ನಿಗಿಂತ ಕಡಿಮೆ ಎಂದು 1987ರಲ್ಲಿ ಪ್ರಕಟವಾಯಿತು.

ವಿದ್ಯಾಸಾಗರ್ ಬರೆದದ್ದು ತೀರ ಕಡಿಮೆ. ಉಲ್ಲೇಖಿಸಲು ಅವರಲ್ಲಿ ತರುಣನ ಅಪ್ಪುಗೆಯಿಲ್ಲ, ಝೆನ್ ಗುರುವಿಲ್ಲ. ಹೀಗಾಗಿ ನಮ್ಮ ಪಠ್ಯಪಟ್ಟಿಗಳಿಗೆ ಅವರು ಬರುವುದಿಲ್ಲ. ಅವರ ಪದ್ಧತಿಯಲ್ಲೂ ಕೇಳಲೇಬೇಕಾದ ಪ್ರಶ್ನೆಗಳಿವೆ. ಬಂಧುಗಳೇ ಇಲ್ಲದ ರೋಗಿಯ ಗತಿ ಏನು? ಡೇರೆಯಲ್ಲಿ ಉಳಿಯಲು ಕೂಲಿ ಬಿಟ್ಟು ಬಂದವರ ಮನೆಯ ಒಲೆ ಹೇಗೆ ಉರಿಯಿತು? ಉಳಿದವರಲ್ಲಿ ಹೆಂಗಸರೆಷ್ಟು, ಗಂಡಸರೆಷ್ಟು? ಬೇಟ್‌ಸನ್ ಮೇಲೆ ಸುರಿದ ಶಾಯಿಯಲ್ಲಿ ಒಂದಂಶವನ್ನು ಈ ಪ್ರಶ್ನೆಗಳಿಗೆ ಖರ್ಚು ಮಾಡಿದ್ದರೆ, ನಮ್ಮ ಆಸ್ಪತ್ರೆಗಳ ಕುಟುಂಬ ವಾರ್ಡುಗಳ ಬಗ್ಗೆ ಜಗಳವಾಡಲು ಒಂದಿಷ್ಟು ಸರಕಾದರೂ ಇರುತ್ತಿತ್ತು.