ಎಚ್ಚರಿಕೆ ಬರೆಯುವ ಬಗೆ

ಬೇಟೆಯ ಪುಸ್ತಕವೆಂದರೆ ಗಂಡಸರ ಓದು ಎಂದು ಬದಿಗೆ ಸರಿಸುವವರು ನಮ್ಮಲ್ಲಿ ಬಹಳ. ಆದರೆ ತೇಜಸ್ವಿಯವರು ಕೆನೆತ್ ಆಂಡರ್ಸನ್ನನ ಕಾಡಿನ ಕಥೆಗಳನ್ನು ಕನ್ನಡಕ್ಕೆ ತಂದ ಮೇಲೆ, ಅಡುಗೆಮನೆಯ ಕೆಲಸ ಮುಗಿಸಿ ಅವನ್ನು ಓದಿದ ಹೆಂಗಸರೆಷ್ಟೋ ಮಂದಿ. ನಾನೂ ಅವರಲ್ಲೊಬ್ಬಳು. ಇಂಥ ಕಥೆಗಳಲ್ಲಿ ಕೋವಿ ಗುಡುಗುವ ಕ್ಷಣಕ್ಕೆ ಪುಟಗಟ್ಟಲೆ ಜಾಗವಿರುತ್ತದೆ. ಕೋವಿಯೊಳಗಿನ ತೋಟೆಯನ್ನು ಯಾರು ಪರೀಕ್ಷಿಸಿದರು ಎಂಬ ಮಾತು ಮಾತ್ರ ಅಪರೂಪ.

ಆ ಮಾತನ್ನೇ ಹೇಳುವ ಬೇರೊಂದು ಜಾತಿಯ ಪುಸ್ತಕ ಇಂಗ್ಲಿಷಿನಲ್ಲಿದೆ. ಒಮ್ಮೆ ಸುಟ್ಟ ತೋಟೆಯ ಹಿತ್ತಾಳೆ ಕೋಶವನ್ನು ಎತ್ತಿಟ್ಟುಕೊಂಡು, ಹೊಸ ಕೇಪು, ಮದ್ದು, ಗುಂಡು ಹಾಕಿ ಮತ್ತೆ ಬಳಸುವವರ ಕೈಪಿಡಿ. ಅಮೆರಿಕದಲ್ಲಿ ರೈಫಲ್ ಹವ್ಯಾಸಿಗಳು ಮನೆಯ ಮೇಜಿನ ಮೇಲೆಯೇ ಇದನ್ನು ಮಾಡುತ್ತಾರೆ. ಲೈಮನ್, ಹಾರ್ನಡಿಯಂಥ ಕಂಪನಿಗಳು ಅವರಿಗಾಗಿ ಆವೃತ್ತಿಯ ಮೇಲೆ ಆವೃತ್ತಿ ಅಚ್ಚು ಹಾಕಿವೆ. (ನಮ್ಮಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ತೋಟೆ ತಯಾರಿಸುವಂತಿಲ್ಲ. ಯಾರ ಮನೆಯವರೂ ಆಸೆಪಡಬೇಕಾಗಿಲ್ಲ!) ತಮ್ಮನ ಮಗನ ಮನೆಗೆಂದು ಅಲ್ಲಿಗೆ ಹೋದಾಗ ಊರಿನ ಗ್ರಂಥಾಲಯದಲ್ಲಿ ಇಂಥ ಎರಡು ಮೂರು ಕೈಪಿಡಿ ತೆಗೆದು ಓದಿದೆ.

ಮೊದಲ ನೋಟಕ್ಕೆ ಅಡುಗೆ ಪುಸ್ತಕವೇ ಸರಿ. ಆದರೆ ‘ರುಚಿಗೆ ತಕ್ಕಷ್ಟು’ ಎಂಬ ಮಾತಿಗೆ ಇಲ್ಲಿ ಎಡೆಯಿಲ್ಲ. ಮದ್ದಿನ ತೂಕ ಗ್ರೇನ್‌ಗಳಲ್ಲಿ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಪಟ್ಟಿಯಲ್ಲಿ ಕೊಟ್ಟ ಗರಿಷ್ಠಕ್ಕಿಂತ ನೂರಕ್ಕೆ ಹತ್ತರಷ್ಟು ಕಡಿಮೆಯಿಂದ ಆರಂಭಿಸು ಎನ್ನುತ್ತದೆ ಪುಸ್ತಕ. ಕಾರಿನ ಚಕ್ರದಲ್ಲಿ ಚದರ ಅಂಗುಲಕ್ಕೆ ಮೂವತ್ತು ಪೌಂಡ್ ಗಾಳಿಯಿದ್ದರೆ, .308 ವಿಂಚೆಸ್ಟರ್ ತೋಟೆ ಸಿಡಿಯುವಾಗಿನ ಒತ್ತಡದ ಮಿತಿ 62,000 ಪೌಂಡ್. ಅದು ಸಿಡಿಯುವುದು ಮನುಷ್ಯನ ಕೆನ್ನೆಯ ಪಕ್ಕದಲ್ಲಿ.

ಇಷ್ಟು ದೊಡ್ಡ ವಿಷಯವನ್ನು ಈ ಕೈಪಿಡಿಗಳು ಹೇಗೆ ಹೇಳುತ್ತವೆ? ಪುಟಪುಟಕ್ಕೂ ದಪ್ಪಕ್ಷರದಲ್ಲಿ ‘ಎಚ್ಚರಿಕೆ’. ಹತ್ತನೆಯ ಸಲಕ್ಕೆ ನನ್ನ ಕಣ್ಣು ಅದನ್ನು ದಾಟಿ ಮುಂದೆ ಹೋಗತೊಡಗಿತು. ಕೆಲವು ಎಚ್ಚರಿಕೆಗಳಂತೂ ಓದುಗನನ್ನು ಕಾಯಲು ಬರೆದವಲ್ಲ, ನಾಳೆ ಕೋರ್ಟಿನಲ್ಲಿ ಕಂಪನಿಯನ್ನು ಕಾಯಲು ಬರೆದವು. ಇಪ್ಪತ್ತೈದು ವರ್ಷಕ್ಕೂ ಮೇಲೆ ಪಾಠ ಹೇಳಿದವಳಾಗಿ ಹೇಳುತ್ತೇನೆ, ಕಾರಣ ಹೇಳದ ನಿಯಮ ಮಕ್ಕಳ ತಲೆಯಲ್ಲಿ ನಿಲ್ಲುವುದಿಲ್ಲ.

ಕಾರಣ ಹೇಳುವ ಕಡೆ ಇದೇ ಪುಸ್ತಕಗಳು ಎಷ್ಟು ಚೆನ್ನಾಗಿವೆ! ಕೋಶದ ಅರ್ಧಕ್ಕಿಂತ ಕೆಳಗೇ ನಿಲ್ಲುವ ಮದ್ದಾದರೆ, ಮರೆತು ಎರಡು ಸಲ ಸುರಿದರೂ ಒಳಗೇ ಅಡಗಿಬಿಡುತ್ತದೆ. ಅರ್ಧಕ್ಕಿಂತ ಮೇಲೆ ತುಂಬುವ ಮದ್ದು ಆರಿಸಿದರೆ ಎರಡನೆಯ ಸಲ ಚೆಲ್ಲಿ ತಾನೇ ಚಾಡಿ ಹೇಳುತ್ತದೆ. ಗುಂಡು ಕೂರಿಸುವ ಮುಂಚೆ ಐವತ್ತು ಕೋಶಗಳನ್ನೂ ಮರದ ಹಲಗೆಯ ಕುಳಿಗಳಲ್ಲಿ ಸಾಲಾಗಿ ನಿಲ್ಲಿಸಿ ಟಾರ್ಚ್ ಬಿಟ್ಟು ನೋಡಬೇಕು. ಮಟ್ಟ ತಪ್ಪಿದ್ದು ಕಣ್ಣಿಗೆ ಹೊಡೆಯುತ್ತದೆ. ಮದ್ದೇ ಇಲ್ಲದ್ದು ಇನ್ನೂ ಮೋಸದ್ದು. ಕೇಪಿನ ಬಲಕ್ಕೇ ಗುಂಡು ಹೊರಟು ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆಯೇ ಒಡೆಯಬಹುದು. ಹಲವು ಸಲ ಸುಟ್ಟ ಕೋಶ ಉದ್ದಕ್ಕೆ ಎಳೆದುಕೊಂಡು ಬುಡದ ಹತ್ತಿರ ತೆಳ್ಳಗಾಗುತ್ತದೆ. ತುದಿ ಬಗ್ಗಿಸಿದ ತಂತಿಯನ್ನು ಒಳಗೋಡೆಗೆ ಒತ್ತಿ ಎಳೆದರೆ ಆ ಸಣ್ಣ ಹಳ್ಳಕ್ಕೆ ತುದಿ ತಡೆಯುತ್ತದೆ. ಕೇಪು ಬುಡದ ಮಟ್ಟದಿಂದ ಮೇಲೆದ್ದಿದೆಯೇ ಎಂದು ನೋಡಲು ಬೆರಳು ಸವರಿದರೆ ಸಾಕು. ಇಲ್ಲೆಲ್ಲ ದಪ್ಪಕ್ಷರ ಬೇಕಾಗಿಲ್ಲ.

ನನಗೆ ಒಪ್ಪಿಗೆಯಾಗದ್ದು ಚಿತ್ರಗಳ ಪುಟ. ಸುಟ್ಟ ಮೇಲೆ ಚಪ್ಪಟೆಯಾದ ಕೇಪಿನ ಚಿತ್ರ ಕೊಟ್ಟು, ಹೀಗಾದರೆ ಒತ್ತಡ ಹೆಚ್ಚಾಯಿತೆಂದು ತಿಳಿ ಎನ್ನುತ್ತಾರೆ. ಆ ಗುರುತು ಎಷ್ಟೋ ಸಲ ಒತ್ತಡ ಮಿತಿಮೀರಿದ ಮೇಲೆಯೇ ಕಾಣುತ್ತದೆ ಎಂಬುದನ್ನು ಅದೇ ಪುಟದಲ್ಲಿ, ಅಷ್ಟೇ ದೊಡ್ಡದಾಗಿ ಹೇಳಬೇಡವೇ?

ಕಾರ್ಬೆಟ್ ಈ ವಿಷಯದಲ್ಲಿ ಮೇಲು. ಕುಮಾವೂನಿನ ನರಭಕ್ಷಕಗಳ ಬಗ್ಗೆ 1944ರಲ್ಲಿ ಬಂದ ಪುಸ್ತಕದಲ್ಲಿ ಚಂಪಾವತದ ಹೆಣ್ಣುಹುಲಿಯ ಕಥೆಯಿದೆ. 1907ರಲ್ಲಿ ಅವನು ಅದನ್ನು ಕೊಲ್ಲುವ ಹೊತ್ತಿಗೆ ಅದು 436 ಜನರನ್ನು ತಿಂದಿತ್ತು. ತಂದಿದ್ದ ಮೂರೇ ತೋಟೆ ಮುಗಿದು, ತಹಸೀಲ್ದಾರನ ಕೋವಿ ಕಸಿದುಕೊಂಡು ಓಡಿ ಬಂದು ಗುರಿಯಿಡುತ್ತಾನೆ. ಆಗ ನೋಡಿದರೆ ನಳಿಗೆಗೂ ಅದರ ಹಿಂದಿನ ಕಟ್ಟಿಗೂ ನಡುವೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಸಂದು! ತಹಸೀಲ್ದಾರ ಹಾರಿಸಿದಾಗ ಒಡೆದಿರಲಿಲ್ಲ, ಈಗಲೂ ಒಡೆಯಲಿಕ್ಕಿಲ್ಲ, ಆದರೆ ಹಿಂದಕ್ಕೆ ಚಿಮ್ಮುವ ಬೆಂಕಿಗೆ ಕಣ್ಣು ಹೋಗಬಹುದು ಎಂದು ಲೆಕ್ಕಹಾಕಿಯೇ ಕುದುರೆ ಎಳೆಯುತ್ತಾನೆ. ನಾವು ಆ ಧೈರ್ಯಕ್ಕೆ ತಲೆದೂಗುತ್ತೇವೆ. ನನಗೆ ಹೆಚ್ಚು ಮೆಚ್ಚಿಗೆಯಾದದ್ದು, ಅಂಥ ಹೊತ್ತಿನಲ್ಲೂ ಆ ಸಂದು ಅವನ ಕಣ್ಣಿಗೆ ಬಿತ್ತು, ಮೂವತ್ತು ಚಿಲ್ಲರೆ ವರ್ಷಗಳ ಮೇಲೂ ಅದನ್ನು ಮುಚ್ಚಿಡದೆ ಅಳತೆ ಸಮೇತ ಬರೆದ ಎಂಬುದು. ಅವನ ಮುಂದೆ ಇಪ್ಪತ್ತು ಅಡಿಯಲ್ಲಿ ಹುಲಿಯಿತ್ತು. ಮೇಜಿನ ಮುಂದೆ ಕೂತವನ ಮುಂದೆ ಯಾವ ಹುಲಿ?

ಆದರೂ ಆ ಮೇಜಿನಲ್ಲಿ ಒಂದು ಕಷ್ಟದ ಗಳಿಗೆಯಿದೆ. ಕೈಪಿಡಿಗಳು ಅದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ನನಗೆ ದೊಡ್ಡ ಕೊರತೆಯಾಗಿ ಕಂಡಿತು. ಐವತ್ತೂ ತುಂಬಿ ಗುಂಡು ಕೂರಿಸಿಯಾಯಿತು. ನಡುವೆ ಯಾರೋ ಬಾಗಿಲು ಬಡಿದಿದ್ದರು. ಒಂದಕ್ಕೆ ಮದ್ದು ಹಾಕಿದೆನೋ ಇಲ್ಲವೋ ಎಂಬ ಅನುಮಾನ. ಅನುಮಾನವಿದ್ದರೆ ಎಲ್ಲವನ್ನೂ ಬಿಚ್ಚು ಎನ್ನುತ್ತದೆ ಪುಸ್ತಕ. ಒಂದು ಸಂಜೆಯ ಕೆಲಸವನ್ನು ತನ್ನ ಕೈಯಾರೆ ಬಿಚ್ಚಲು ಮನುಷ್ಯನಿಗೆ ಎಷ್ಟು ಸಂಕಟ, ಇರಲಿ ಬಿಡು ಎಂದುಕೊಳ್ಳಲು ಎಷ್ಟು ಸಲೀಸು ಎಂಬುದರ ಬಗ್ಗೆ ಒಂದು ಮಾತಿಲ್ಲ. ಗುಂಡು ಬಿಚ್ಚುವುದಕ್ಕೆ ಸುತ್ತಿಗೆಯ ಆಕಾರದ ಒಂದು ಸಲಕರಣೆಯಿದೆ. ನಾನು ಓದಿದ ಒಂದು ಕೈಪಿಡಿಯಲ್ಲಿ ಅದರ ಚಿತ್ರವಿದ್ದದ್ದು ಸಾಮಾನುಗಳ ಪಟ್ಟಿಯ ಕೊನೆಯಲ್ಲಿ, ಬೇಕಿದ್ದರೆ ಕೊಳ್ಳಬಹುದಾದವುಗಳ ಸಾಲಿನಲ್ಲಿ.