ಲಂಡನ್ ನೋಡಿಬಂದವರೂ ಅವ್ವನ ಪ್ರಶ್ನೆಯೂ

ಭಾನುವಾರದ ಪುರವಣಿಗಳಲ್ಲಿ ಒಂದು ಬಗೆಯ ಬರಹ ತಪ್ಪದೆ ಬರುತ್ತದೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೊಬ್ಬ ಅಜ್ಜಿ ಯುರೋಪಿನ ಯಾವುದೋ ಹಳೆಯ ಪಟ್ಟಣ ನೋಡಿಬಂದ ಕತೆ. ರೋಮ್, ಪ್ಯಾರಿಸ್, ಇಲ್ಲವೇ ಲಂಡನ್. ಅರಮನೆ ಇಷ್ಟೆತ್ತರ, ಗಡಿಯಾರದ ಗೋಪುರ ಇಷ್ಟು ಹಳೇದು, ಬೀದಿಯಲ್ಲಿ ಕಸಕಡ್ಡಿ ಇಲ್ಲ. ಊಟಕ್ಕೆ ಮಾತ್ರ ತ್ರಾಸಾಯಿತು, ಅಜ್ಜಿ ಕಟ್ಟಿಕೊಂಡು ಹೋದ ಅವಲಕ್ಕಿ, ಚಟ್ನಿಪುಡಿ ಮಾನ ಕಾಪಾಡಿದವು. ಕೊನೆಗೆ ಎಲ್ಲರೂ ನಗುತ್ತಿರುವ ಒಂದು ಫೋಟೋ.

ಇಂಥದೊಂದನ್ನು ನಾವು ಮನೆಯಲ್ಲಿ ಅವ್ವನಿಗೆ ಓದಿ ಹೇಳಿದೆವು. ಅವ್ವ ಶೇಂಗಾ ಸುಲಿಯುತ್ತ ಪೂರಾ ಕೇಳಿದಳು. ಅರಮನೆಯ ಬಗ್ಗೆ ಏನೂ ಕೇಳಲಿಲ್ಲ. "ಅಲ್ಲೋ ಯಪ್ಪಾ, ಅಲ್ಲಿ ಹೋಟ್ಲಾಗ ನಮ್ಮಂಥೋರ್ನ ಒಳಗ ಕುಂದ್ರಸ್ತಾರೇನು? ಯಾರ ಪೈಕಿ ಅಂತ ಕೇಳಂಗಿಲ್ಲೇನು?" ಅಂದಳು. ನಾವು ಹಾಳೆ ತಿರುವಿ ತಿರುವಿ ನೋಡಿದೆವು. ಬರೆದವರು ಅದನ್ನು ಬರೆದಿರಲಿಲ್ಲ.

ಕನ್ನಡದ ಪ್ರವಾಸ ಸಾಹಿತ್ಯದ ಮೇಲೆ ನಮ್ಮ ತಕರಾರು ಅವ್ವನ ಈ ಪ್ರಶ್ನೆಯಿಂದಲೇ ಶುರುವಾಗುತ್ತದೆ.

ಗೋಕಾಕರ 'ಸಮುದ್ರದಾಚೆಯಿಂದ', ಕಾರಂತರ 'ಅಪೂರ್ವ ಪಶ್ಚಿಮ', ಜಿ.ಎಸ್. ಶಿವರುದ್ರಪ್ಪನವರ 'ಇಂಗ್ಲೆಂಡಿನಲ್ಲಿ ಚತುರ್ಮಾಸ' — ಇವೆಲ್ಲ ಹೆಸರಾದ ಪುಸ್ತಕಗಳು. ಕಡಲಾಚೆ ಒಂದು ಲೋಕವಿದೆ ಎಂದು ನಮ್ಮಂಥವರಿಗೆ ಗೊತ್ತಾದದ್ದು ಹೈಸ್ಕೂಲಿನ ಬೀರುವಿನಲ್ಲಿ ಇಂಥ ಪುಸ್ತಕ ಸಿಕ್ಕಿದ್ದರಿಂದ. ಆ ಋಣ ಇದ್ದೇ ಇದೆ. ಆದರೆ ಹೆಸರುಗಳನ್ನೇ ನೋಡಿ. ಹಂಪಿಗೆ ಹೋಗಿಬಂದ ವಿ.ಸೀ. ಬರೆದದ್ದು 'ಪಂಪಾಯಾತ್ರೆ'. ಇಂಗ್ಲೆಂಡಿನಲ್ಲಿ ಇದ್ದುಬಂದದ್ದು, ತಮಾಷೆಗಾದರೂ, ಚತುರ್ಮಾಸ. ಯಾತ್ರೆ, ವ್ರತ, ದರ್ಶನ — ನಮ್ಮಲ್ಲಿ ಊರು ನೋಡುವ ಭಾಷೆಯೇ ಗುಡಿಯೊಳಕ್ಕೆ ಬಿಟ್ಟುಕೊಳ್ಳುವವರ ಭಾಷೆಯಾಗಿ ಬೆಳೆದಿದೆ. ಬಾಗಿಲಲ್ಲಿ ಯಾರೂ ತಡೆಯದವನಿಗೆ ಬಾಗಿಲು ಕಾಣುವುದಿಲ್ಲ. ಒಳಗಿನ ಮೂರ್ತಿ ಮಾತ್ರ ಕಾಣುತ್ತದೆ.

ಈ ನೋಡುವ ಕಣ್ಣು ಒಮ್ಮೆ ನಮ್ಮ ಸೀಮೆಗೂ ಬಂದಿತ್ತು. ಸುಮಾರು 1520ರಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ವಿಜಯನಗರಕ್ಕೆ ಬಂದ. ಗುಡ್ಡ ಹತ್ತಿ ನೋಡಿ, ಈ ಪಟ್ಟಣ ರೋಮಿನಷ್ಟು ದೊಡ್ಡದು ಎಂದು ಬರೆದ. ಆ ಒಂದು ಮಾತನ್ನು ಹಿಡಿದು ನಮ್ಮವರು ಎದೆ ಉಬ್ಬಿಸಿದ್ದಾರೆ. ಆದರೆ ಅದೇ ಪಾಯೆಸ್ ಒಂದು ಕೆರೆಯ ಕತೆಯನ್ನೂ ಬರೆದಿದ್ದಾನೆ. ಎರಡು ಗುಡ್ಡಗಳ ನಡುವೆ ಅರಸ ಕೆರೆ ಕಟ್ಟಿಸುತ್ತಿದ್ದ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಮಣ್ಣು ಹೊರುತ್ತಿದ್ದರು, ಅವರ ಕಾಲಡಿಯ ನೆಲವೇ ಕಾಣುತ್ತಿರಲಿಲ್ಲ. ಏರಿ ಎರಡು ಮೂರು ಸಲ ಒಡೆಯಿತು. ದೇವರಿಗೆ ರಕ್ತ ಬೇಕು ಅಂತ ಬ್ರಾಹ್ಮಣರು ಹೇಳಿದರು. ಅರಸ ಅರವತ್ತು ಜನರ ತಲೆ ತೆಗೆಸಿದ, ಕುದುರೆ ಕೋಣಗಳನ್ನೂ ಕಡಿಸಿದ. ಹೊರಗಿನವನೊಬ್ಬ ಇಷ್ಟು ಕಂಡು ಬರೆದಿಟ್ಟ. ರೋಮಿನ ಮಾತು ನಮ್ಮ ಭಾಷಣಗಳಿಗೆ ಬಂತು. ಕೆರೆಯ ಮಾತು ಅಲ್ಲೇ ಬಿತ್ತು.

ಹೊರಗಿನವನ ಈ ಪ್ರಾಮಾಣಿಕತೆಯನ್ನು ನಮ್ಮವರು ಲಂಡನ್ನಿಗೆ ಹೊತ್ತೊಯ್ಯುತ್ತಾರೆಯೇ? 2015ರ ನವೆಂಬರ್ 14ರಂದು ಲಂಡನ್ನಿನಲ್ಲಿ ಪ್ರಧಾನಿಯವರ ಕೈಯಿಂದ ಎರಡು ಉದ್ಘಾಟನೆ ಆದವು. ಒಂದು ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ. ಇನ್ನೊಂದು ಕಿಂಗ್ ಹೆನ್ರಿ ರಸ್ತೆಯ ಮನೆ. ಓದುವ ದಿನಗಳಲ್ಲಿ, 1921-22ರಲ್ಲಿ, ಬಾಬಾಸಾಹೇಬರು ಇದ್ದ ಮನೆ ಅದು. ಮಹಾರಾಷ್ಟ್ರ ಸರ್ಕಾರ ಕೊಂಡು ಸ್ಮಾರಕ ಮಾಡಿತು. ಬಸವಣ್ಣನ ಮುಂದೆ ನಿಂತ ಕನ್ನಡ ಕುಟುಂಬಗಳ ಫೋಟೋ ನಾವು ಬೇಕಾದಷ್ಟು ನೋಡಿದ್ದೇವೆ. ಸಂತೋಷ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಆದದ್ದಕ್ಕೆ ಕಲ್ಯಾಣವೇ ಹೊತ್ತಿ ಉರಿಯಿತು ಎಂಬುದನ್ನು ಆ ಫೋಟೋದ ಕೆಳಗೆ ಒಂದು ಸಾಲು ಬರೆಯಬಹುದಿತ್ತು. ಆ ಇನ್ನೊಂದು ಮನೆಯ ಮುಂದೆ ತೆಗೆಸಿಕೊಂಡ ಕುಟುಂಬದ ಫೋಟೋ ಮಾತ್ರ ಪುರವಣಿಯಲ್ಲಿ ನಮ್ಮ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಗೆಳೆಯರೇ, ನಮ್ಮ ಪಾಲಿನ ಪ್ರವಾಸಕಥನ ಬೇರೆಯೇ ಇದೆ. ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ'. 1930ರ ದಶಕದಲ್ಲಿ ಬರೆದದ್ದು, ಪುಸ್ತಿಕೆಯಾಗಿ ಬಂದದ್ದು 1990ರಲ್ಲಿ. ಅದರಲ್ಲೂ ಒಂದು ಕುಟುಂಬ ಪ್ರವಾಸ ಇದೆ. 1901ರಲ್ಲಿ ಹುಡುಗ ಭೀಮ, ಅಣ್ಣ, ಅಕ್ಕನ ಮಗ ಹೊಸ ಬಟ್ಟೆ ಹಾಕಿಕೊಂಡು ಸತಾರದಿಂದ ಕೋರೆಗಾಂವಿಗೆ, ಅಪ್ಪನನ್ನು ಕಾಣಲು ರೈಲು ಹತ್ತುತ್ತಾರೆ. ಮಸೂರ್ ಸ್ಟೇಷನ್ನಿನಲ್ಲಿ ಇಳಿದು ಮಹಾರರು ಅಂದಕೂಡಲೇ ಸ್ಟೇಷನ್ ಮಾಸ್ತರನ ಮುಖ ಬದಲಾಗುತ್ತದೆ. ಎರಡರಷ್ಟು ಬಾಡಿಗೆ ಕೊಟ್ಟರೂ ಬಂಡಿ ಹೊಡೆಯಲು ಆಳು ಬರುವುದಿಲ್ಲ, ಹುಡುಗರೇ ಹೊಡೆಯಬೇಕು. ಬುತ್ತಿ ತುಂಬ ಅನ್ನ ಇದೆ, ಕುಡಿಯಲು ಹನಿ ನೀರಿಲ್ಲ. ಆ ರಾತ್ರಿ ಉಪವಾಸ.

ಅದೇ ಹುಡುಗ ಬೆಳೆದು ನ್ಯೂಯಾರ್ಕು, ಲಂಡನ್ನುಗಳಲ್ಲಿ ಓದಿ ಬರೋಡಾ ಸ್ಟೇಷನ್ನಿನಲ್ಲಿ ಇಳಿಯುತ್ತಾನೆ. ತಾನು ಅಸ್ಪೃಶ್ಯ ಎಂಬುದೇ ಆ ವರ್ಷಗಳಲ್ಲಿ ತನಗೆ ಮರೆತುಹೋಗಿತ್ತು ಅನ್ನುತ್ತಾರೆ ಬಾಬಾಸಾಹೇಬರು. ಸ್ಟೇಷನ್ನಿನ ಹೊರಗೆ ನಿಂತಾಗ ನೆನಪಾಯಿತು: ಎಲ್ಲಿ ಇಳಿದುಕೊಳ್ಳುವುದು? ಹೆಸರು ಮರೆಸಿ ಪಾರ್ಸಿ ವಸತಿಗೃಹ ಸೇರಿದರು. ಕೆಲವೇ ದಿನಕ್ಕೆ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು. 1934ರಲ್ಲಿ ಮೂವತ್ತು ಜನ ಸಂಗಾತಿಗಳ ಜೊತೆ ದೌಲತಾಬಾದ್ ಕೋಟೆ ನೋಡಲು ಹೋದಾಗ, ಕೆರೆಯಲ್ಲಿ ಮುಖ ತೊಳೆದದ್ದಕ್ಕೆ ಗದ್ದಲ. ಕೊನೆಗೆ ಕೋಟೆ ನೋಡಲು ಬಿಟ್ಟರು. ಎಲ್ಲೂ ನೀರು ಮುಟ್ಟಬಾರದು ಅಂತ ಆಯುಧ ಹಿಡಿದ ಸಿಪಾಯಿಯನ್ನು ಬೆನ್ನಿಗೆ ಹಾಕಿದರು.

ಯುರೋಪಿನ ಬಗ್ಗೆ ಬಾಬಾಸಾಹೇಬರು ಅಲ್ಲಿ ಹೇಳುವುದು ಹೆಚ್ಚೆಂದರೆ ಎರಡು ಮಾತು. ಗೋಪುರ ಇಲ್ಲ, ಅರಮನೆ ಇಲ್ಲ. ಅವ್ವನ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ. 'ಅಲ್ಲಿ ಬೀದಿ ಸ್ವಚ್ಛ' ಅಂತ ಬರೆದವರು ನಮಗೆ ಬೀದಿ ತೋರಿಸಿದರು. 'ಅಲ್ಲಿ ನನಗೆ ನನ್ನ ಜಾತಿ ಮರೆತಿತ್ತು' ಅಂದವರು ಲೋಕವನ್ನೇ ತೋರಿಸಿದರು.

ಹಾಗಂತ ಲಂಡನ್ ಸ್ವರ್ಗವೇನಲ್ಲ. ಕರಿಯರ ಪಾಲಿನ ಅವಮಾನ ಅಲ್ಲೂ ಇದೆ. 1800ರಲ್ಲಿ ನಿಜಾಮ ಈ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ, ಥಾಮಸ್ ಮನ್ರೋನ ಕಚೇರಿ ಹೊಲ ಅಳೆದು ಕಂದಾಯ ಕಟ್ಟಿತು. ಲಂಡನ್ನಿನ ವೈಭವದಲ್ಲಿ ನಮ್ಮ ಎರೆಹೊಲದ ಜೋಳದ ದುಡ್ಡೂ ಇದೆ. ಆ ವೈಭವ ಕಂಡು ಬಾಯಿ ಬಿಡುವ ಪ್ರವಾಸಿ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ನಮ್ಮ ಕಡೆಯ ಕುಟುಂಬ ಪ್ರವಾಸ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರು ಮನೆಮಂದಿಯೆಲ್ಲ ಊರು ಬಿಡುವುದು ಎರಡು ಸಲ. ಒಂದು, ಕೊಟ್ಟೂರಿಗೋ ಮೈಲಾರಕ್ಕೋ ಜಾತ್ರೆಗೆ. ಇನ್ನೊಂದು ಗುಳೆ. ಮಳೆ ಕೈಕೊಟ್ಟರೆ ಮಲೆನಾಡಿನ ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡಕ್ಕೆ. ಪಾತ್ರೆ, ಕೌದಿ, ಕೋಳಿ, ಕೂಸು ಎಲ್ಲ ಒಂದೇ ಲಾರಿಯಲ್ಲಿ. ನಾವು ಬೆಂಗಳೂರನ್ನು ಮೊದಲು ಕಂಡದ್ದು ಹಾಗೇ. ಅಪ್ಪ ಇಟ್ಟಿಗೆ ಹೊರುತ್ತಿದ್ದ, ಅವ್ವ ಮರಳು ಜರಡಿ ಹಿಡಿಯುತ್ತಿದ್ದಳು. ಗೋಡೆ ಇಲ್ಲದ ಆರನೇ ಮಹಡಿಯಲ್ಲಿ ನಿಂತು ನೋಡಿದರೆ ಇಡೀ ಪಟ್ಟಣ ದೀಪ ಹಚ್ಚಿಕೊಂಡು ಕೂತಿತ್ತು. ಪಾಯೆಸನ ಹಾಗೆ ನಾವೂ ಎತ್ತರದಿಂದಲೇ ನೋಡಿದೆವು. ಅವನಿಗೆ ಕೆಳಗೆ ಇರುವೆಗಳು ಕಂಡವು. ನಮಗೆ ಕೆಳಗೆ ಕಂಡದ್ದು ಅವ್ವ.

ಆ ವರ್ಷ ಶಾಲೆಯ ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ನಾಲ್ಕು ತಿಂಗಳು ಗೈರು. ವಾಪಸ್ಸು ಬಂದಾಗ ಮಾಸ್ತರರು 'ನಾನು ಕಂಡ ಪ್ರೇಕ್ಷಣೀಯ ಸ್ಥಳ' ಅಂತ ಪ್ರಬಂಧ ಬರೆಯಲು ಹೇಳಿದರು. ಬರೆಯಲಿಕ್ಕೆ ಏನೂ ಇಲ್ಲ ಅಂದುಕೊಂಡು ಹಾಳೆ ಖಾಲಿ ಕೊಟ್ಟೆವು. ಆ ಖಾಲಿ ಹಾಳೆಯೇ ಕನ್ನಡ ಪ್ರವಾಸ ಸಾಹಿತ್ಯದ ದೊಡ್ಡ ಕೊರತೆ ಅಂತ ಇವತ್ತು ಅನ್ನಿಸುತ್ತದೆ.

ಈ ಪತ್ರಿಕೆ ಓದುವ ಮೇಷ್ಟ್ರುಗಳಲ್ಲಿ ಒಂದು ಬಿನ್ನಹ. ಗುಳೆ ಹೋಗಿಬಂದ ಮಕ್ಕಳಿಗೆ ಆ ಪ್ರಬಂಧವನ್ನು ಹೀಗೆ ಕೊಡಿ: ಎಲ್ಲಿ ಹೋಗಿದ್ದಿ, ಏನು ಕಟ್ಟಿದಿರಿ, ಎಲ್ಲಿ ಮಲಗಿದಿರಿ, ನೀರು ಯಾರು ಕೊಟ್ಟರು. ಲಂಡನ್ನಿಗೆ ಹೋಗುವವರೂ ಹೋಗಿಬರಲಿ. ನಮ್ಮ ಹುಡುಗರೂ ಸ್ಕಾಲರ್‌ಶಿಪ್ ಹಿಡಿದು ಹೋಗಲಿ. ಬಂದು ಬರೆಯುವಾಗ ಅವ್ವ ಕೇಳಿದ್ದಕ್ಕೆ ಮೊದಲು ಉತ್ತರ ಬರೆಯಲಿ. ಗೋಪುರದ ಎತ್ತರ ಆಮೇಲೆ ಹೇಳಿದರೂ ನಡೆಯುತ್ತದೆ.